ನೆಲ ಕಾಣುವವರೆಗೆ

ಫೆಬ್ರವರಿ ೯

ಮಗಳ ಅಪ್ಪನಿಗೆ,

ಎದುರಿಗಿದ್ದರೆ "ರೀ" ಅನ್ನುತ್ತಿದ್ದೆ. ಕಾಗದದಲ್ಲಿ ಅದನ್ನು ಬರೆದರೆ ಕೂಗಿದಂತೆ ಕಾಣುತ್ತದೆ. ಕೂಗುವ ಶಕ್ತಿ ನನಗೆ ಉಳಿದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಲವತ್ತು ವರ್ಷ ಲಿಫ್ಟುಗಳ ಮೋಟಾರು ಕೋಣೆಯಲ್ಲಿ ಕಳೆದ ಕಿವಿ ನಿಮ್ಮದು. ಮೊನ್ನೆ ನಾನು "ಬರಲ್ಲ" ಅಂದದ್ದು ನಿಮಗೆ "ಬರ್ತೀನಲ್ಲ" ಅಂತ ಕೇಳಿಸಿ, ಬಸ್ ನಿಲ್ದಾಣದಲ್ಲಿ ಎರಡು ತಾಸು ಕಾದಿರಂತೆ. ಮಗಳು ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಬರವಣಿಗೆ ತಪ್ಪಾಗಿ ಕೇಳಿಸುವುದಿಲ್ಲ.

ನಾನು ಬರುವುದಿಲ್ಲ.

ಮಣಿಕಟ್ಟಿನ ಪ್ಲಾಸ್ಟರು ಇನ್ನು ಮೂರು ವಾರಕ್ಕೆ ಬಿಚ್ಚುತ್ತಾರೆ. ಮಾತು ಮಣಿಕಟ್ಟಿನದಲ್ಲ. ನಮ್ಮ ಮನೆಯ ನಡುಓಣಿಯಲ್ಲಿ ಹಳೆಯ ಪೇಪರಿನ ಕಟ್ಟು ಜಾರಿ ನಾನು ಬಿದ್ದೆ. ಆಂಬುಲೆನ್ಸಿನವರು ಬಂದರೆ ಸ್ಟ್ರೆಚರ್ ಒಳಗೆ ಬರಲಿಲ್ಲ. ಒಂದು ಕಡೆ ಪೇಪರು, ಇನ್ನೊಂದು ಕಡೆ ಡಬ್ಬಗಳು, ನಡುವೆ ಮನುಷ್ಯ ಅಡ್ಡ ತಿರುಗಿ ನುಸುಳುವಷ್ಟು ಜಾಗ. ಕೊನೆಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಅವರಿಬ್ಬರೂ ನಮ್ಮ ಆಸ್ಪತ್ರೆಯವರೇ. ನನ್ನನ್ನು ಇವತ್ತಿಗೂ "ದೊಡ್ಡ ಸಿಸ್ಟರ್" ಅಂತಲೇ ಕರೆಯುತ್ತಾರೆ. ವಾರ್ಡಿನ ದಾರಿಯಲ್ಲಿ ಒಂದು ಬಕೆಟ್ ಬಿಟ್ಟಿದ್ದರೂ ಅವರನ್ನು ಗದರಿಸಿದವಳು ನಾನು, ಮೂವತ್ತನಾಲ್ಕು ವರ್ಷ. ಆ ದಿನ ಅವರು ನನ್ನ ಮನೆ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಕ್ಕ ನಿನ್ನೆ ಸುಮ್ಮನೆ ಕೇಳಿದಳು, "ನಿಮ್ಮನೆ ನೆಲ ಯಾವ ಬಣ್ಣದ್ದೇ?" ನನಗೆ ನೆನಪಾಗಲಿಲ್ಲ.

ನೆಲ ಕಂಡ ದಿನ ತಿಳಿಸಿ. ಬರುತ್ತೇನೆ.

ಇತಿ,
ಅಕ್ಕನ ಮನೆಯಿಂದ ನಾನು

*

ಫೆಬ್ರವರಿ ೨೦

ಇವಳೇ,

ಕಾಗದ ತಲುಪಿತು. ಗಂಡನಿಗೆ ಹೆಂಡತಿ ನೋಟೀಸು ಕೊಟ್ಟಂತಿತ್ತು. ಎರಡು ಸಲ ಓದಿದೆ.

ನೀನು ಬರೆದದ್ದನ್ನು ಓದಿದವರು ನಮ್ಮದು ಮನೆಯಲ್ಲ, ಗುಜರಿ ಅಂಗಡಿ ಅಂದುಕೊಂಡಾರು. ಅಲ್ಲಿರುವುದು ಎಲ್ಲವೂ ಬೇಕಾದ ಸಾಮಾನು. ಕೆಳಮನೆಯ ದರ್ಜಿಯ ಫ್ಯಾನು ಕೆಟ್ಟಾಗ ಯಾರ ಮನೆಯಿಂದ ಕೆಪ್ಯಾಸಿಟರ್ ಹೋಯಿತು? ನಿನ್ನ ಮಿಕ್ಸಿಯ ಗುಂಡಿ ಮುರಿದಾಗ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟವರು ಯಾರು? ಅಂಗಡಿಗೆ ಹೋಗಿದ್ದರೆ, "ಈ ಮಾಡೆಲ್ ನಿಂತೋಗಿದೆ, ಹೊಸದು ತಗೊಳ್ಳಿ" ಅನ್ನುತ್ತಿದ್ದರು.

ಪೇಪರಿನ ವಿಷಯದಲ್ಲಿ ನಿನ್ನ ಮಾತು ಸ್ವಲ್ಪ ಸರಿ. ಅವನ್ನು ಓದಿ ಕೊಡೋಣ ಅಂತಿದ್ದೆ. ಓದಲು ಹೊತ್ತಾಗಲಿಲ್ಲ.

ಇನ್ನೊಂದು ಮಾತು. ಮಂಚದ ಕೆಳಗಿನ ಎರಡು ಟ್ರಂಕು ನಿನ್ನವು. ಅದನ್ನೂ ಲೆಕ್ಕಕ್ಕೆ ಹಿಡಿ.

ಮನೆಯಲ್ಲಿ ನಾನೊಬ್ಬನೇ. ಬ್ರೆಡ್ಡು, ಮೊಟ್ಟೆ ಮಾಡಿಕೊಳ್ಳುತ್ತಿದ್ದೇನೆ. ಚಿಂತೆ ಬೇಡ.

ಇತಿ,
ಗುಜರಿಯವನು

*

ಮಾರ್ಚ್ ೪

ಮಗಳ ಅಪ್ಪನಿಗೆ,

ಟ್ರಂಕು ಎರಡನ್ನೂ ಮಗಳಿಗೆ ಹೇಳಿ ತರಿಸಿಕೊಂಡೆ. ನೀವೇ ಮಹಡಿಯಿಂದ ಇಳಿಸಿಕೊಟ್ಟಿರಂತೆ, ಸೊಂಟ ಜೋಪಾನ. ಒಂದರಲ್ಲಿ ಯೂನಿಫಾರ್ಮುಗಳಿದ್ದವು, ಹನ್ನೊಂದು ಜೊತೆ. ಅಕ್ಕನ ಮನೆಯ ಕೆಲಸದವಳಿಗೆ ಒರೆಸುವ ಬಟ್ಟೆಗೆ ಕೊಟ್ಟೆ. ಇನ್ನೊಂದರಲ್ಲಿ ಮಗಳು ಕೂಸಾಗಿದ್ದಾಗಿನ ಬಟ್ಟೆ. ಅವಳಿಗೇ ಮುಟ್ಟಿಸಿದೆ, "ಅಯ್ಯೋ ಅಮ್ಮಾ, ಇದನ್ನ ನಾನೆಲ್ಲಿಡ್ಲಿ?" ಅಂದಳು. ಯಾರ ಮಗಳು ಅಂತ ಆ ಮಾತಿನಲ್ಲಿ ಗೊತ್ತಾಗುವುದಿಲ್ಲ ಬಿಡಿ. ನನ್ನ ಲೆಕ್ಕ ಚುಕ್ತಾ.

ಎಲ್ಲಿಂದ ಶುರುಮಾಡುವುದು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಡುಓಣಿಯಿಂದ. ಸ್ಟ್ರೆಚರಿನ ಅಗಲ ಎರಡು ಅಡಿ, ಹಿಡಿಯುವವರ ಕೈ ಸೇರಿ ಮೂರಡಿ. ಅಷ್ಟು ಬಿಡಿಸಿ. ಒಂದು ದಿನಕ್ಕೆ ಒಂದೇ ಜಾಗ. ಕೈಯಲ್ಲಿ ಹಿಡಿದದ್ದನ್ನು ಇನ್ನೊಂದು ರಾಶಿಗೆ ಇಡಕೂಡದು, ಬಾಗಿಲಾಚೆಗೆ ಹೋಗಬೇಕು. ವಾರ್ಡಿನಲ್ಲಿ ಹೊಸ ನರ್ಸುಗಳಿಗೆ ಹೀಗೇ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು.

ಇಲ್ಲಿ ನನಗೊಂದು ಮಂಚ, ಒಂದು ಗೂಡು. ಅಕ್ಕನ ಮನೆ ಕನ್ನಡಿಯ ಹಾಗಿದೆ. ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ಅವಳು ಬಂದು ತೊಳೆಯಲು ಒಯ್ಯುತ್ತಾಳೆ. ಇನ್ನೂ ಒಂದು ಗುಟುಕು ಇರುತ್ತದೆ. ಹೇಳಲು ಸಂಕೋಚ.

ಇತಿ,
ನಾನು

*

ಮಾರ್ಚ್ ೨೭

ಇವಳೇ,

ನಡುಓಣಿ ತೆರವಾಯಿತು. ಅಳತೆಯ ಟೇಪು ಹಿಡಿದು ನೋಡಿದೆ, ಮೂರಡಿ ಎರಡಂಗುಲ. ಪೇಪರು ಒಯ್ಯಲು ಗುಜರಿಯವನು ನಾಲ್ಕು ಸಲ ಕೈಗಾಡಿ ತಂದ. ಮೂರನೆಯ ಸಲ ಅವನು ಮೆಟ್ಟಿಲ ಮೇಲೆ ಕೂತು, "ಸಾರ್, ನೀವು ಪ್ರೆಸ್ ಇಟ್ಟಿದ್ರಾ?" ಅಂದ. ನನಗೆ ನಗು ಬಂತು. ಒಂದು ಕಟ್ಟಿನಲ್ಲಿ ಮಗಳು ಹತ್ತನೇ ತರಗತಿ ಪಾಸಾದ ವರ್ಷದ ಫಲಿತಾಂಶದ ಹಾಳೆ ಕಂಡಿತು, ಇಡಲು ಹೋದೆ. ಆಮೇಲೆ ನೋಡಿದರೆ ಅವಳ ನಂಬರೇ ಅದರಲ್ಲಿ ಇರಲಿಲ್ಲ, ಬೇರೆ ಊರಿನ ಆವೃತ್ತಿ. ಅದೂ ಹೋಯಿತು.

ಸುಲಭದ ಕೆಲಸ ಅಂತ ತಿಳಿಯಬೇಡ. ನಾಲ್ಕು ಕಟ್ಟು ಇಳಿಸಿ ಬಂದು ಕೂತರೆ ಮತ್ತೆ ಏಳಲು ಮನಸ್ಸು ಬರುವುದಿಲ್ಲ. ಕೈಕಾಲಿನ ದಣಿವಲ್ಲ. ಯಾವುದೋ ಒಂದು ಡಬ್ಬ ಹಿಡಿದು ಅರ್ಧ ದಿನ ನಿಂತಿರುತ್ತೇನೆ.

ಒಂದು ವಿಷಯ ಮನಸ್ಸಿನಲ್ಲಿದೆ, ಹೇಳಿಬಿಡುತ್ತೇನೆ. ನೀನು ಬಿದ್ದದ್ದಕ್ಕೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಿದ್ದೀರಿ. ಲೈಟು ಹಾಕಿಕೊಂಡು ಹೋಗು ಎಂದು ನಿನಗೆ ಎಷ್ಟು ಸಲ ಹೇಳಿದ್ದೆ? ಆ ದಿನ ದರ್ಜಿ, ಅವನ ಹೆಂಡತಿ, ಆಂಬುಲೆನ್ಸಿನ ಇಬ್ಬರು, ಎಲ್ಲರೂ ಗಾಬರಿಯಲ್ಲಿ ಓಡಾಡುತ್ತಿದ್ದಾಗ ತಲೆ ತಣ್ಣಗಿಟ್ಟುಕೊಂಡಿದ್ದವನು ನಾನೊಬ್ಬನೇ.

ಇತಿ,
ನಿನ್ನ ಮನೆಯವನು

*

ಏಪ್ರಿಲ್ ೨

ಮಗಳ ಅಪ್ಪನಿಗೆ,

ಹೌದು, ನಿಮ್ಮ ತಲೆ ತಣ್ಣಗೇ ಇತ್ತು.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿದಾಗ ಕುರ್ಚಿಯ ಕಾಲು ಡಬ್ಬಗಳ ಸಾಲಿಗೆ ತಗುಲಿತು. ಮೇಲಿನದೊಂದು ವಾಲಿತು. ಆಗ ನೀವು ಮುಂದೆ ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಹೇಳಿದಿರಿ: "ನಿಧಾನ, ನಿಧಾನ, ಡಬ್ಬ ಬೀಳುತ್ತೆ."

ಆಂಬುಲೆನ್ಸಿನವನು ನನ್ನ ಮುಖ ನೋಡಿದ. ನಾನು ಗೋಡೆಯ ಕಡೆ ತಿರುಗಿಕೊಂಡೆ. ತಿರುಗಿಕೊಳ್ಳಲು ಗೋಡೆಯೂ ಇರಲಿಲ್ಲ.

ಇದನ್ನು ಬರೆಯಬಾರದೆಂದಿದ್ದೆ. ಬರೆದೆ.

ನಾನು

*

ಜೂನ್ ೧೧

ಇವಳೇ,

ಎರಡು ತಿಂಗಳು ಬರೆಯಲಿಲ್ಲ. ಮಗಳು ಎರಡು ಸಲ ಬಂದು ನೋಡಿಹೋದಳು, ನಿನಗೆ ಹೇಳಿರುತ್ತಾಳೆ.

ನಿನ್ನ ಕಾಗದ ಓದಿದಾಗ ಸಿಟ್ಟು ಬಂತು. ನಾನು ಹಾಗೆ ಅಂದಿರಲಾರೆ ಅನ್ನಿಸಿತು. ನೋವಿನಲ್ಲಿದ್ದವಳಿಗೆ ಏನೋ ಕೇಳಿಸಿದೆ ಅಂದುಕೊಂಡೆ. ಒಂದು ವಾರ ಹಾಗೇ ಅಂದುಕೊಂಡು ತಿರುಗಿದೆ. ಆಮೇಲೆ ಕೆಳಗಿಳಿದು ದರ್ಜಿಯ ಎದುರು ನಿಂತೆ.

"ಆವತ್ತು ನಾನು ಡಬ್ಬ ಬೀಳುತ್ತೆ ಅಂದ್ನಾ?"

"ಅಂದ್ರಿ."

"ಅವಳ ಬಗ್ಗೆ ಏನೂ ಅನ್ಲಿಲ್ವಾ?"

ಅವನು ಮಿಷನ್ನಿನ ಚಕ್ರವನ್ನು ಕೈಯಿಂದ ನಿಲ್ಲಿಸಿದ. "ಅಂದ್ರಿ, ಆಂಬುಲೆನ್ಸ್ ಹೋದ್ಮೇಲೆ. ಚಪ್ಪಲಿ ಇಲ್ಲೇ ಬಿಟ್ಟೋದ್ಲು ಅಂದ್ರಿ."

ನಾನು ಮೇಲೆ ಬಂದೆ. ಬಂದು ಆ ಡಬ್ಬ ತೆಗೆದು ನೋಡಿದೆ. ಅದರೊಳಗೆ ಏನಿದೆ ಅಂತ ನನಗೇ ಮರೆತಿತ್ತು. ಕ್ಲ್ಯಾಂಪುಗಳಿದ್ದವು. ಹನ್ನೆರಡು. ಲಿಫ್ಟಿನ ಹಳಿಗೆ ಬಿಗಿಯುವ ಕಬ್ಬಿಣದ ಹಿಡಿಗಳು.

ಇಪ್ಪತ್ತಾರು ವರ್ಷದಿಂದ ನಿನಗೊಂದು ಸಂಗತಿ ಹೇಳಿಲ್ಲ. ಆ ಎಂಟು ಮಹಡಿಯ ಆಫೀಸು ಕಟ್ಟಡ ನಿನಗೆ ಗೊತ್ತಿದೆ. ಅಲ್ಲಿನ ಲಿಫ್ಟು ಒಂದು ದಿನ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಜರ್ರನೆ ಇಳಿದು, ಸುರಕ್ಷೆಯ ಹಲ್ಲು ಹಳಿಗೆ ಕಚ್ಚಿಕೊಂಡಿತು. ಹಾಗೆ ಕಚ್ಚಿಕೊಂಡರೆ ಮೋಟಾರನ್ನು ಕೈಯಿಂದ ತಿರುಗಿಸಿದರೂ ಅಲುಗುವುದಿಲ್ಲ. ಹಳಿಗೆ ಕ್ಲ್ಯಾಂಪು ಬಿಗಿದು, ಸರಪಳಿ ಹಾಕಿ ಮೇಲೆತ್ತಬೇಕು. ಒಳಗೆ ಒಬ್ಬರೇ ಇದ್ದರು, ಒಬ್ಬ ಗುಮಾಸ್ತರು, ದಪ್ಪಗಿದ್ದರು. ನಾನು ಲಿಫ್ಟಿನ ತಲೆಯ ಮೇಲೆ ಇಳಿದು ಮುಚ್ಚಳ ತೆಗೆದೆ. ಹಗ್ಗ ಕಟ್ಟಿ ಎಳೆದು ನೋಡಿದೆವು, ಆ ಕಿಂಡಿಯಲ್ಲಿ ಅವರು ತೂರಲಿಲ್ಲ. ಸ್ಟೋರಿಗೆ ಕ್ಲ್ಯಾಂಪು ತರಲು ಕಳಿಸಿದೆ. ಇರಲಿಲ್ಲ.

ಏಕೆ ಇರಲಿಲ್ಲ ಗೊತ್ತೇ? ಎಂಟು ದಿನದ ಹಿಂದೆ ನಾನೇ ಎಸೆದಿದ್ದೆ. ಹೊಸ ಸೂಪರ್‌ವೈಸರ್ ಬಂದು, "ಏನ್ರೀ ಇದು ಸ್ಟೋರು, ಹಂದಿಗೂಡು! ಎರಡು ವರ್ಷದಿಂದ ಮುಟ್ಟದೇ ಇರೋದೆಲ್ಲಾ ಆಚೆ ಹಾಕಿ" ಅಂದಿದ್ದರು. ಆ ಹಳೇ ಮಾದರಿಯ ಕ್ಲ್ಯಾಂಪು ಎರಡು ಜೊತೆ ಇದ್ದವು. ಮುಟ್ಟಿ ನಾಲ್ಕು ವರ್ಷವಾಗಿತ್ತು. ನನ್ನ ಕೈಯಿಂದಲೇ ಗುಜರಿ ಗಾಡಿಗೆ ಹಾಕಿದ್ದೆ.

ಪಕ್ಕದ ಊರಿನಿಂದ ತರಿಸಲು ಐದು ತಾಸು ಬೇಕಾಯಿತು. ಆ ಐದು ತಾಸೂ ನಾನು ಅವರ ತಲೆಯ ಮೇಲೆ ಕೂತು ಕಿಂಡಿಯಿಂದ ನೀರು ಇಳಿಬಿಡುತ್ತ, "ಬಂತು ಸಾರ್, ಈಗ ಬಂತು" ಅನ್ನುತ್ತಿದ್ದೆ. ಅವರು ಮಾರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅಂದಿನಿಂದ ಏನನ್ನಾದರೂ ಎಸೆಯಲು ಕೈ ಎತ್ತಿದರೆ, ಇದರ ಅಗತ್ಯ ಯಾರಿಗೋ ಬಂದೀತು ಅನ್ನಿಸುತ್ತದೆ. ಡಬ್ಬ ಆಗಲಿ, ತಂತಿ ಆಗಲಿ. ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಿಲ್ಲ. ಹೇಳಬೇಕಿತ್ತು, ಹೇಳಿದೆ.

ಇತಿ,
ನಾನು

*

ಜೂನ್ ೧೯

ಮಗಳ ಅಪ್ಪನಿಗೆ,

ನನಗೆ ಗೊತ್ತಿತ್ತು.

ಊರಿಗೆ ಇರುವುದೊಂದೇ ದೊಡ್ಡಾಸ್ಪತ್ರೆ. ಅವರನ್ನು ತಂದದ್ದು ನನ್ನ ವಾರ್ಡಿಗೆ. ಆಮ್ಲಜನಕದ ಮುಖವಾಡ ಸರಿಸಿಕೊಂಡು ಅವರು ನನಗೆ ಹೇಳಿದರು, "ಮೇಲೆ ಕೂತಿದ್ದ ಮೆಕ್ಯಾನಿಕ್ಕು ಪಾಪ ಕಣಮ್ಮ. ನನಗಿಂತ ಅವನೇ ಹೆದರಿದ್ದ. ನಾನೇ ಸಮಾಧಾನ ಮಾಡ್ದೆ." ಅವನು ನನ್ನ ಗಂಡ ಎಂದು ನಾನು ಹೇಳಲಿಲ್ಲ. ಅವರ ಹೃದಯ ಮೊದಲಿಂದಲೂ ಕೆಟ್ಟಿತ್ತು, ಡಾಕ್ಟರು ಕಡತ ತೆಗೆದು ತೋರಿಸಿದರು. ಲಿಫ್ಟಿನಲ್ಲಲ್ಲದಿದ್ದರೆ ಆ ತಿಂಗಳಲ್ಲೇ ಇನ್ನೆಲ್ಲೋ ಆಗುತ್ತಿತ್ತು ಅಂದರು. ಹಾಗೆಯೇ ಆಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಡಾಕ್ಟರು ಅಂದದ್ದು ಅಷ್ಟು.

ಆ ಸಂಜೆ ನೀವು ಮನೆಗೆ ಬಂದು, "ಊಟ ಬೇಡ" ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಿರಿ. ನೀವಾಗಿ ಹೇಳಲಿ ಎಂದು ಕಾದೆ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ವಾರಕ್ಕೆ ಎರಡು ಕ್ಲ್ಯಾಂಪು ಮನೆಗೆ ಬಂದವು. ಆಮೇಲೆ ಹತ್ತು. ಮನಸ್ಸು ಹಗುರಾಗಲಿ, ಸ್ವಲ್ಪ ದಿನ ಇರಲಿ ಅಂದುಕೊಂಡೆ. ನೀವು "ಬೇಕಾಗುತ್ತೆ" ಅಂದಾಗಲೆಲ್ಲ ಆ ಗುಮಾಸ್ತರ ಮುಖ ಕಣ್ಣಿಗೆ ಬಂದು ಬಾಯಿ ಮುಚ್ಚಿಕೊಂಡೆ. ಆ ಸ್ವಲ್ಪ ದಿನ ಇಪ್ಪತ್ತಾರು ವರ್ಷವಾಯಿತು. ನಿಮ್ಮ ರಾಶಿಯಲ್ಲಿ ನನ್ನದೂ ಪಾಲಿದೆ. ಒಬ್ಬರೇ ಅಷ್ಟನ್ನು ಪೇರಿಸಲು ಆಗುವುದಿಲ್ಲ.

ಡ್ಯೂಟಿ ಮುಗಿಸಿ ಬಂದು ಚೀಲ ಇಡಲು ಜಾಗವಿಲ್ಲದೆ ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿದಿದ್ದೇನೆ. ಮಗಳು ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟದ್ದು ಯಾವ ವರ್ಷ ಎಂದು ನನಗೆ ಗೊತ್ತು. ನಿಮಗೆ ಗೊತ್ತಿರಲಾರದು.

ನೀವು ಹೇಳಿದ್ದು ಒಳ್ಳೆಯದಾಯಿತು. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ನೆಲ ಕಾಣುವುದಿಲ್ಲ. ನನಗೆ ಅರವತ್ಮೂರು. ಇನ್ನು ಅಡ್ಡ ತಿರುಗಿ ನಡೆಯಲಾರೆ.

ಇತಿ,
ನಾನು

*

ಆಗಸ್ಟ್ ೩

ಇವಳೇ,

ಭಾನುವಾರ ಬಾ. ಹನ್ನೊಂದರ ಬಸ್ಸಿಗೆ ಬಂದರೆ ಊಟದ ಹೊತ್ತಿಗೆ ಇರುತ್ತೀಯ. ಪಡಸಾಲೆ, ನಡುಓಣಿ, ಎರಡು ಕೋಣೆ, ಅಡುಗೆಮನೆ, ಎಲ್ಲಾ ಆಯಿತು. ಸೋಪಿನ ನೀರು ಹಾಕಿ ಎರಡು ಸಲ ಉಜ್ಜಿದೆ. ನಿನ್ನ ಅಕ್ಕನನ್ನೂ ಕರೆದುಕೊಂಡು ಬಾ, ಬಣ್ಣ ತೋರಿಸೋಣ.

ಇತಿ,
ನಿನ್ನ ಮನೆಯವನು

*

ಆಗಸ್ಟ್ ೧೪

ಮಗಳ ಅಪ್ಪನಿಗೆ,

ಅಕ್ಕ ಬರದಿದ್ದದ್ದು ಒಳ್ಳೆಯದಾಯಿತು.

ಬೂದು ಬಣ್ಣ. ಅಂಚಿಗೆ ಕೆಂಪು ಪಟ್ಟಿ. ಬಾಗಿಲಲ್ಲಿ ನಿಂತು ನೋಡಿದಾಗ ನನಗೆ ಅಳು ಬಂತು, ನೀವು ನೋಡಲಿಲ್ಲ. ಕಿಟಕಿಯ ಬಿಸಿಲು ಪಡಸಾಲೆಯ ಆ ತುದಿಯವರೆಗೆ ಬಿದ್ದಿತ್ತು. ಅಡುಗೆಮನೆಗೆ ನಡೆದುಹೋದೆ. ಮೂರಡಿ ಜಾಗವಿದ್ದರೂ ನನ್ನ ಮೈ ತಾನಾಗಿ ಅಡ್ಡ ತಿರುಗಿತು. ನೀವು ನಕ್ಕಿರಿ. ನಾನೂ ನಕ್ಕೆ. ಎಷ್ಟು ವರ್ಷವಾಗಿತ್ತು, ಇಬ್ಬರೂ ಒಂದೇ ವಿಷಯಕ್ಕೆ ನಕ್ಕು.

ಆಮೇಲೆ ನೀವು ಕೆಳಗಿನ ಗೂಡಿನಿಂದ ಲೋಟ ತೆಗೆಯಲು ಬಗ್ಗಿದಿರಿ, ಜೇಬಿನಿಂದ ಕೀಲಿಗೊಂಚಲು ಬಿತ್ತು. ನಮ್ಮ ಮನೆಗೆ ಮೂರು ಬೀಗ. ಗೊಂಚಲಲ್ಲಿ ನಾಲ್ಕು ಕೀಲಿ.

"ಇದ್ಯಾವುದರ ಕೀಲಿ?" ಅಂದೆ.

"ಏನು, ಹಾಲಾ? ಇದೆ, ಬೆಳಿಗ್ಗೆನೇ ತಂದೆ," ಅಂದಿರಿ.

ನಿಮಗೆ ಕೇಳಿಸದಿರುವುದು ಯಾವಾಗ, ಕೇಳಿಸಿಕೊಳ್ಳದಿರುವುದು ಯಾವಾಗ ಎಂದು ನನಗೆ ತಿಳಿಯುತ್ತದೆ. ಮೂವತ್ತೆಂಟು ವರ್ಷದ ಅಭ್ಯಾಸ. ಮತ್ತೆ ಕೇಳಲಿಲ್ಲ. ಚಹಾ ಕುಡಿದು ಮೆಟ್ಟಿಲಿಳಿಯುವಾಗ ದರ್ಜಿಯನ್ನು ಕೇಳಿದೆ. ಪಾಪ, ಅವನು ಸುಳ್ಳು ಹೇಳಲು ಬಹಳ ಕಷ್ಟಪಟ್ಟ. ನಿಮ್ಮ ಹಳೆಯ ಜೊತೆಗಾರ ಎಲೆಕ್ಟ್ರಿಷಿಯನ್ನನ ಶೆಡ್ಡಿಗೆ ಹದಿನೇಳು ಸಲ ಕೈಗಾಡಿ ಹೋಯಿತಂತೆ.

ನಾಲ್ಕರ ಬಸ್ಸು ಸಿಕ್ಕಿತು. ಅಕ್ಕನಿಗೆ ಮನೆ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ನನಗೆ ಕೋಪವಿಲ್ಲ. ಕೋಪಕ್ಕೂ ಮೈಯಲ್ಲಿ ಕಸುವು ಬೇಕು.

ನಾನು

*

ಆಗಸ್ಟ್ ೨೨

ಇವಳೇ,

ಪೇಪರು, ಸೀಸೆ, ಹಳೇ ಟಿವಿ, ಬಟ್ಟೆ, ಇವೆಲ್ಲ ನಿಜವಾಗಿಯೂ ಹೋದವು. ಶೆಡ್ಡಿನಲ್ಲಿರುವುದು ಲಿಫ್ಟಿನ ಸಾಮಾನು ಮಾತ್ರ. ಗುಜರಿಯವನು ಬಾಗಿಲಿಗೆ ಬಂದು ನಿಂತಿದ್ದ. ಕೊಡಲು ಕೈ ಬರಲಿಲ್ಲ. "ಶೆಡ್ಡಿಗೆ ಹಾಕು" ಅಂದೆ. ಅವನು ತಲೆಯಾಡಿಸಿ ಹಾಗೇ ಮಾಡಿದ. ನಿನಗೆ ಹೇಳಬೇಕೆಂದಿದ್ದೆ. ನೀನು ನಗುತ್ತಿದ್ದೆ, ಆಗ ಬಾಯಿ ಬರಲಿಲ್ಲ.

ಇದರ ಜೊತೆ ಕೀಲಿ ಇಟ್ಟಿದ್ದೇನೆ. ನೀನೇ ಬಂದು ಏನು ಬೇಕಾದರೂ ಮಾಡು. ಎಸೆ, ಕೊಡು, ನಾನು ಆ ಕಡೆ ತಲೆ ಹಾಕುವುದಿಲ್ಲ. ನನ್ನಿಂದ ಆಗುವುದಿಲ್ಲ.

ಇತಿ,
ನಾನು

*

ಆಗಸ್ಟ್ ೨೭

ಮಗಳ ಅಪ್ಪನಿಗೆ,

ಕೀಲಿ ವಾಪಸು ಕಳಿಸಿದ್ದೇನೆ. ಲಕೋಟೆ ಹರಿಯದಿರಲೆಂದು ಬ್ಯಾಂಡೇಜು ಸುತ್ತಿದ್ದೇನೆ.

ಇನ್ನೊಬ್ಬರಿಗೆ ಆಗದ್ದನ್ನೆಲ್ಲ ಮೂವತ್ತನಾಲ್ಕು ವರ್ಷ ನಾನು ಮಾಡಿದೆ. ಮಕ್ಕಳು ಮುಟ್ಟಲು ಹೇಸುವ ಅಪ್ಪಂದಿರ ಹುಣ್ಣು ತೊಳೆದೆ. ರೋಗಿಯ ಹೆಂಡತಿಯ ಎದುರು ಹೇಳಲಾರದ ಸುದ್ದಿಯನ್ನು ಡಾಕ್ಟರ ಪರವಾಗಿ ನಾನು ಹೇಳಿದೆ. ನಿವೃತ್ತಿಯಾಯಿತು. ಹಾರ ಹಾಕಿ ಕಳಿಸಿದರು.

ನಿಮ್ಮ ಶೆಡ್ಡು ನಿಮ್ಮದು.

ಇತಿ,
ನಾನು

*

ಅಕ್ಟೋಬರ್ ೫

ಇವಳೇ,

ಶೆಡ್ಡು ಖಾಲಿಯಾಯಿತು. ಮಾತಿನ ಮೇಲೆ ನಂಬಿಕೆ ಬರಲಾರದು, ಎಲೆಕ್ಟ್ರಿಷಿಯನ್ನನ ಹೆಂಡತಿಯನ್ನು ಕೇಳು. ಅವರು ಈಗಾಗಲೇ ಅಲ್ಲಿ ಕೋಳಿ ಬಿಟ್ಟಿದ್ದಾರೆ.

ಮೊದಲ ಮೂರು ದಿನ ಹೋಗಿ, ಬೀಗ ತೆಗೆದು, ಪೇಂಟಿನ ಡಬ್ಬಿಯ ಮೇಲೆ ಕೂತು, ಬೀಗ ಹಾಕಿ ಬಂದೆ. ನಾಲ್ಕನೆಯ ದಿನ ಎಲೆಕ್ಟ್ರಿಷಿಯನ್ ಬಂದು ನಿಂತ.

"ಲೋ, ಈ ಮಾಡೆಲ್ ಲಿಫ್ಟು ಈ ಊರಲ್ಲಿ ಎಷ್ಟಿವೆ ಹೇಳು?"

"ಹತ್ತಾದ್ರೂ ಇರ್ತವೆ."

"ಎಲ್ಲಿ?"

ನಾನು ಕೆಲಸ ಬಿಟ್ಟು ಎಂಟು ವರ್ಷ. ಮಾರನೆಯ ದಿನ ನನ್ನ ಹಳೆಯ ಡ್ಯೂಟಿ ಪುಸ್ತಕ ನೋಡಿ ಹದಿನಾಲ್ಕು ಕಟ್ಟಡದ ಪಟ್ಟಿ ಮಾಡಿಕೊಂಡು ಇಬ್ಬರೂ ಹೊರಟೆವು. ನಾಲ್ಕು ದಿನ ತಿರುಗಿದೆವು. ಇಬ್ಬರು ಮುದುಕರು ಬಂದು, "ನಿಮ್ಮ ಲಿಫ್ಟು ಸ್ವಲ್ಪ ನೋಡ್ಬಹುದಾ?" ಅಂದರೆ ಕಾವಲುಗಾರರು ಮೇಲಿಂದ ಕೆಳಗೆ ನೋಡುತ್ತಾರೆ. ಒಂದು ಕಡೆ ನಮ್ಮನ್ನು ಗೇಟಿನಿಂದಲೇ ಓಡಿಸಿದರು. ಐದು ಕಟ್ಟಡ ಕೆಡವಿಬಿಟ್ಟಿದ್ದಾರೆ. ಉಳಿದ ಕಡೆ ಎಲ್ಲಾ ಹೊಸ ಲಿಫ್ಟು. ಹಳಿಯೇ ಬೇರೆ, ನಮ್ಮ ಕ್ಲ್ಯಾಂಪು ಕೂರುವುದೇ ಇಲ್ಲ.

ಕೊನೆಗೆ ಆ ಎಂಟು ಮಹಡಿಯ ಕಟ್ಟಡ ಉಳಿಯಿತು. ಅವನು ಹೊರಗೆ ನಿಂತ, "ನೀನೇ ಹೋಗ್ಬಾ" ಅಂದ. ಅಲ್ಲಿನ ಲಿಫ್ಟೂ ಹೊಸದು, ಒಳಗೆಲ್ಲ ಸ್ಟೀಲು, ಕನ್ನಡಿ. ಹತ್ತಿದೆ. ಫೈಲು ಹಿಡಿದ ಒಬ್ಬ ಹೆಂಗಸು, "ಎಷ್ಟನೇ ಫ್ಲೋರು?" ಅಂದರು. "ಎಲ್ಲೂ ಇಲ್ಲಮ್ಮ, ಸುಮ್ನೆ" ಅಂದೆ. ಅವರು ಮೂಲೆಗೆ ಸರಿದು ನಿಂತರು. ನಾಲ್ಕು, ಐದು ದಾಟುವಾಗ ಪಕ್ಕದ ಕಂಬಿ ಹಿಡಿದುಕೊಂಡೆ. ಎಷ್ಟು ಹೊತ್ತು ಅಂದುಕೊಂಡೆ? ಎರಡು ಸೆಕೆಂಡು. ಲಿಫ್ಟು ಎಂಟಕ್ಕೆ ಹೋಯಿತು, ಕೆಳಗೆ ಬಂತು. ನಾನು ಇಳಿದೆ. ಯಾರಿಗೂ ನನ್ನ ಸಾಮಾನು ಬೇಕಿರಲಿಲ್ಲ. ಬಹಳ ವರ್ಷದಿಂದ ಬೇಕಿರಲಿಲ್ಲ.

ಮಾರನೆಯ ದಿನ ಗುಜರಿಯವನನ್ನು ಕರೆಸಿದೆ. ಅವನು, "ಈ ಸಲ ಎಲ್ಲಿಗೆ ಸಾರ್?" ಅಂದ. "ಈ ಸಲ ನಿನ್ನ ಜಾಗಕ್ಕೇ" ಅಂದೆ. ಗಾಡಿಗೆ ನಾನೇ ಎತ್ತಿಹಾಕಿದೆ. ಕ್ಲ್ಯಾಂಪಿನ ಡಬ್ಬವನ್ನೂ.

ಮನೆ ಖಾಲಿಯಾದರೆ ಮನಸ್ಸು ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಮತ್ತೆ ಮತ್ತೆ ಹೋಗುವುದಿಲ್ಲವೇ, ಹಾಗೆ ಅಲ್ಲಲ್ಲಿ ಕೈ ಹೋಗುತ್ತದೆ. ಗೋಡೆ ಸಿಗುತ್ತದೆ.

ನೀನು ಬರುತ್ತೀಯೋ ಇಲ್ಲವೋ ಕೇಳುವುದಿಲ್ಲ. ಒಂದು ಮಾತು ಬರೆದು ಮುಗಿಸುತ್ತೇನೆ. ನೀನು ಬಿದ್ದಾಗ ನಾನು ಹಿಡಿಯಬೇಕಾದದ್ದು ನಿನ್ನ ಕೈ. ತಪ್ಪು ಮಾಡಿದೆ. ಕ್ಷಮಿಸು ಎಂದು ಬರೆಯಲು ಒಂಬತ್ತು ತಿಂಗಳು ಬೇಕಾಯಿತು, ಅದಕ್ಕೂ ಕ್ಷಮಿಸು.

ಇತಿ,
ನಾನು

*

ಅಕ್ಟೋಬರ್ ೧೩

ಮಗಳ ಅಪ್ಪನಿಗೆ,

ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಕೋಳಿಯ ಜಾಗ ಬಂದಾಗ ಅವಳು ನಕ್ಕಳು, ಕೊನೆಯ ಸಾಲಿಗೆ ಎದ್ದುಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಬರುತ್ತೇನೆ. ಆದರೆ ನನಗೊಂದು ಕೋಣೆ ಬೇಕು. ಹಿಂಬದಿಯದು, ಬಾಗಿಲು ಹಾಕಿಕೊಳ್ಳಲು ಬರುವಂಥದ್ದು. ಅದರಲ್ಲಿ ಒಂದು ಮಂಚ ಬಿಟ್ಟು ಏನೂ ಇರಕೂಡದು. ನಿಮ್ಮದೂ ಬೇಡ, ನನ್ನದೂ ಬೇಡ, ಮಗಳ ಫೋಟೋನೂ ಬೇಡ. ನಾನು ಒಳಗಿರುವಾಗ ಯಾರೂ ಬರಬಾರದು, ಏನು ಮಾಡುತ್ತಿದ್ದೀಯ ಎಂದು ಕೇಳಬಾರದು. ಮನೆಯಲ್ಲಾಗಲಿ, ವಾರ್ಡಿನಲ್ಲಾಗಲಿ, ಇಲ್ಲಾಗಲಿ, ನನಗೆ ಅಂಥದೊಂದು ಜಾಗ ಇರಲಿಲ್ಲ. ಇದು ನಿಮ್ಮ ಮೇಲಿನ ಮುನಿಸಲ್ಲ. ಮುನಿಸು ಅಂದುಕೊಂಡರೆ ಬರುವುದಿಲ್ಲ.

ಒಪ್ಪಿಗೆಯಾದರೆ ಉತ್ತರ ಬರೆಯುವುದು ಬೇಡ. ತಿಂಗಳ ಕೊನೆಯ ಶನಿವಾರ ಬರುತ್ತೇನೆ.

ಇತಿ,
ನಾನು

*

ಭಾನುವಾರ, ಬೆಳಿಗ್ಗೆ
ಹಿಂಬದಿಯ ಕೋಣೆಯಿಂದ

ರೀ,

ಇದನ್ನು ಅಂಚೆಗೆ ಹಾಕುವುದಿಲ್ಲ, ಬಾಗಿಲ ಕೆಳಗಿನಿಂದ ತಳ್ಳುತ್ತೇನೆ. ನೀವು ಪಡಸಾಲೆಯಲ್ಲಿ ಓಡಾಡುವುದು ಕೇಳಿಸುತ್ತಿದೆ. ಕೂಗಿ ಹೇಳುವುದಕ್ಕಿಂತ ಇದು ಸಲೀಸು.

ನಿನ್ನೆ ಊಟವಾದ ಮೇಲೆ ಎರಡು ಗಂಟೆಗೆ ಮಲಗಿದವಳು ಈಗ ಎಚ್ಚರಾದೆ. ಗಡಿಯಾರ ನೋಡಿ ಡ್ಯೂಟಿ ತಪ್ಪಿಹೋಯಿತೆಂದು ಧಡಕ್ಕನೆ ಎದ್ದು ಕೂತೆ. ಆಮೇಲೆ ಸುತ್ತ ನೋಡಿದೆ. ನಾಲ್ಕು ಗೋಡೆ, ಒಂದು ಕಿಟಕಿ. ಗೋಡೆಗೆ ಹೊಸ ಸುಣ್ಣದ ವಾಸನೆ. ನೀವು ಬಾಗಿಲು ತಟ್ಟಲಿಲ್ಲ. ನಡುವೆ ಒಮ್ಮೆ ನೀರಿಗೆಂದು ತೆರೆದಾಗ ಹೊಸ್ತಿಲಾಚೆ ಚೊಂಬು ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ತಂದಿಡದೆ ಹೊರಗೇ ಇಟ್ಟಿರಿ. ಅದು ನನಗೆ ಹಿಡಿಸಿತು.

ಬಂದದ್ದಕ್ಕೆ ಸಂತೋಷವಾಯಿತೇ ಎಂದು ಕೇಳಬೇಡಿ, ಇನ್ನೂ ಗೊತ್ತಿಲ್ಲ. ದಣಿವಾಗಿದೆ. ನಿಮಗೂ ಆಗಿದೆ, ನಿನ್ನೆ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಗೂ ನಿಂತಿರಿ. ನಾವಿಬ್ಬರೂ ಒಂದಷ್ಟು ದಿನ ಸುಮ್ಮನೆ ದಣಿದಿರೋಣ. ಹಾಗಿರಲು ಈಗ ಜಾಗವಿದೆ.

ಇನ್ನೊಂದು. ಅಡುಗೆಮನೆಯ ಕಿಟಕಿಯ ಮೇಲೆ ಜಾಮಿನ ಖಾಲಿ ಸೀಸೆಗಳನ್ನು ನೋಡಿದೆ. ತೊಳೆದು ಒಣಗಿಸಿ ಸಾಲಾಗಿ ಇಟ್ಟಿದ್ದೀರಿ. ಆರು. ನೋಡಿಯೂ ಏನೂ ಅನ್ನಲಿಲ್ಲ. ಪಾಪ ಅಂತ ಸುಮ್ಮನಾದೆ ಅಂದುಕೊಳ್ಳಬೇಡಿ, ನಿದ್ದೆ ಬಂದಿತ್ತು.

ಈಗ ಇನ್ನೊಂದು ತಾಸು ಮಲಗುತ್ತೇನೆ. ಎದ್ದ ಮೇಲೆ ಅನ್ನುತ್ತೇನೆ.

ಇತಿ,
ನಿಮ್ಮವಳು